ಹಿಂದೆ ನೋಡದ ಚಿಗವ್ವ

ಶಟಲ್ ತಲೆಯ ಮೇಲಿಂದ ಹಾರಿಹೋಯಿತು. ಬನಶಂಕರಿ ಸರ್ರನೆ ಹಿಂದೆ ತಿರುಗಿ ನೋಡಿದಳು. ಅಲ್ಲಿದ್ದ ಅವಳ ಜೊತೆಗಾತಿ ಸುಗರಾ ರ‍್ಯಾಕೆಟ್ ಬೀಸಿದಳು, ತಪ್ಪಿತು.

“ಮತ್ತ ಹೋತು!” ಎಂದು ಬನಶಂಕರಿ ಕಾಲು ಅಪ್ಪಳಿಸಿದಳು.

ಹುನಗುಂದದ ಆ ಸಾಲೆಯ ಅಂಗಳದಲ್ಲಿ ಎರಡು ಬೇವಿನ ಮರಕ್ಕೆ ಮೀನಿನ ಬಲೆ ಕಟ್ಟಿದ್ದರು. ಅದೇ ನೆಟ್. ಇಳಕಲ್ಲಿನ ಡಬಲ್ಸ್ ಟೂರ್ನಮೆಂಟಿಗೆ ಸೋಮವಾರದೊಳಗೆ ಹೆಸರು ಕೊಡಬೇಕೆಂದು ಯಂಕಪ್ಪ ಮಾಸ್ತರು ಹೇಳಿದ್ದರು. ಸುಗರಾಳನ್ನು ಬಿಟ್ಟು ಬೇರೆ ಪಾರ್ಟ್ನರ್ ಹುಡುಕಬೇಕೆಂದು ಬನಶಂಕರಿ ಮನಸ್ಸಿನಲ್ಲೇ ಠರಾಯಿಸಿದ್ದಳು. ಗೆದ್ದರೆ ತಾನು, ಸೋತರೆ ಸುಗರಾ, ಇದು ಅವಳ ನ್ಯಾಯ!

ಶನಿವಾರ ಅಪ್ಪ ಅವಳನ್ನು ಬಾಗಲಕೋಟೆಗೆ ಕರೆದುಕೊಂಡು ಹೋದರು. ಅಲ್ಲಿ ಅವ್ವನ ತಂಗಿ ಗುರುಸಿದ್ದವ್ವ ಚಿಗವ್ವನ ಮ್ಯಾಚ್ ಇತ್ತು. ಚಿಗವ್ವ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಮಾಡುತ್ತ, ರೈಲ್ವೆ ಟೀಮಿಗೆ ಡಬಲ್ಸ್ ಆಡುತ್ತಿದ್ದಳು.

ಚಿಗವ್ವ ನೆಟ್ಟಿನ ಹತ್ತಿರ, ಅವಳ ಪಾರ್ಟ್ನರ್ ಹಿಂದೆ. ಚಿಗವ್ವ ಎಷ್ಟು ಸಲ ಹಿಂದೆ ನೋಡುತ್ತಾಳೋ ಬೆರಳು ಮಡಚಿ ಎಣಿಸೋಣವೆಂದು ಬನಶಂಕರಿ ಕೂತಳು. ಒಂದು ಗೇಮ್ ಮುಗಿಯಿತು. ಒಂದು ಬೆರಳೂ ಮಡಚಲಿಲ್ಲ. ಇದೇನು ವಿಚಿತ್ರ, ಇವಳಿಗೆ ಬೆನ್ನಲ್ಲಿ ಕಣ್ಣಿದೆಯೇ?

ಮ್ಯಾಚ್ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕೇಳಿಯೇ ಬಿಟ್ಟಳು.

“ನೋಡ್ಕೋತ ನಿಂತ್ರ ಮುಂದ ಬಂದದ್ದು ಯಾರ ಹೊಡೀಬೇಕು?” ಎಂದಳು ಚಿಗವ್ವ.

“ಹಿಂದಿನಾಕಿ ತಪ್ಪಿಸಿದ್ರ?”

“ತಪ್ಪಸ್ತಾಳ. ನಾನೂ ತಪ್ಪಸ್ತೇನಿ.”

ಚಿಗವ್ವ ಕಪ್ಪಿನ ಚಹಾವನ್ನು ಬಸಿಗೆ ಸುರಿದು ಊದಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಮೊದಲ ನಾನೂ ಭಾಳ ತಿರುಗಿ ನೋಡ್ತಿದ್ದೆ. ಆಗಿನ ಪಾರ್ಟ್ನರ್ ಒಂದಿನ ರ‍್ಯಾಕೆಟ್ ಇಟ್ಟು ಹೋದಾಕಿ ಬರ್ಲೇ ಇಲ್ಲ. ಎರಡು ವರ್ಷ ನನ್ನ ಆಟನೂ ನಿಂತಿತ್ತು. ಡಬಲ್ಸ್ ಒಬ್ಬಾಕಿ ಹೆಂಗ ಆಡ್ಬೇಕು?”



ಭಾನುವಾರ ಬೆಳಿಗ್ಗೆ ಸುಗರಾಳ ಜೊತೆ ಆಡುವಾಗ ಬನಶಂಕರಿ ಕತ್ತನ್ನು ಬಿಗಿಹಿಡಿದು ನಿಂತಳು. ಎಂಥ ಕಷ್ಟ! ಹಿಂದೆ ಏನಾಯಿತೋ ನೋಡಬೇಕೆಂದು ಜೀವ ಚಡಪಡಿಸುತ್ತಿತ್ತು. ಮೊದಲ ಶಟಲ್ ಹಿಂದೆಲ್ಲೋ ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಹಿಂದಿನಿಂದ ಟಪ್ಪೆಂದು ಅವಳ ತಲೆಯ ಮೇಲಿಂದ ನೆಟ್ಟಿನ ಆಚೆ ಹೋಯಿತು. ಆಮೇಲೆ ಹಾಗೇ ಹೋಗುತ್ತಲೇ ಇದ್ದವು.

ಮನೆಗೆ ಹೋಗುವಾಗ ಸುಗರಾ ಕೇಳಿದಳು: “ಇವತ್ತ ಯಾಕ ನನ್ನ ಕಡೆ ನೋಡ್ಲೇ ಇಲ್ಲ? ಸಿಟ್ಟೇನು?”

“ಇಲ್ಲ.”

“ದಿನಾ ನೀ ತಿರುಗಿ ನೋಡಿದ ಕೂಡ್ಲೆ ನನಗ ಶಟಲ್ ಕಾಣ್ತಿದ್ದಿಲ್ಲ, ನಿನ್ನ ಸಿಟ್ಟಿನ ಮುಖಾನ ಕಾಣ್ತಿತ್ತು.”

ತಾನು ಈವರೆಗೆ ಎಷ್ಟು ಸಲ ತಿರುಗಿ ನೋಡಿರಬಹುದು? ಬನಶಂಕರಿಗೆ ನಾಚಿಕೆಯಾಯಿತು.

ಸೋಮವಾರ ಯಂಕಪ್ಪ ಮಾಸ್ತರು ಕಾಗದ ಹಿಡಿದು ಕ್ಲಾಸಿಗೆ ಬಂದರು. ನಿನ್ನ ಪಾರ್ಟ್ನರ್ ಯಾರು ಎಂದು ಬನಶಂಕರಿಯನ್ನು ಕೇಳಿದರು.

ಅವಳು ಎದ್ದು ನಿಂತಳು. “ಸುಗರಾ ರೀ ಸರ್. ಆದ್ರ ಈಗ ಬರೀಬ್ಯಾಡ್ರಿ. ನನ್ನ ಕೂಡ ಆಡ್ತಾಳೇನಂತ ಮೊದಲ ಆಕಿನ್ನ ಕೇಳ್ತೇನಿ.”