ಮೂವತ್ತು ಸಿಟ್ಟಿಂಗ್

ಗಾಜಿನಾಚೆ ಹೆಂಡತಿಯ ಹೆಬ್ಬೆರಳು ಮೇಲೆದ್ದದ್ದೇ ತಡ, ಪಂಪ್‌ಸೆಟ್ ಮೆಕ್ಯಾನಿಕ್ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ.

"ಏನು ಬೇಕು? ಕರೆದ್ಯಲ್ಲ?"

"ನಾನೆಲ್ಲಿ ಕರೆದೆ," ಎಂದಳು ಅವಳು.

ಅವಳ ತಲೆಗೆ ಯಂತ್ರದ ಕಾಯಿಲ್ ಹಿಡಿದಿದ್ದ ನರ್ಸ್ ನಕ್ಕಳು. "ಅಣ್ಣಾ, ಅದು ತಾನಾಗಿ ಅದುರಿದ್ದು. ಆಯಸ್ಕಾಂತದ ಏಟು ಎಷ್ಟು ಬಲವಾಗಿರಬೇಕು ಅಂತ ಬೆರಳು ನೋಡಿಯೇ ಗೊತ್ತುಮಾಡ್ಕೊಳ್ಳೋದು. ನೀವು ಆಚೆ ಕೂತ್ಕೊಳ್ಳಿ."

ಅವನು ಪೆಚ್ಚಾಗಿ ಆಚೆ ಬಂದು ಕೂತ.

ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. ಬಾಣಂತಿಗೆ ಕವಿದ ಮಂಕು ಮಾತ್ರೆಗೆ ಬಗ್ಗಿರಲಿಲ್ಲ. ಡಾಕ್ಟರು ತಲೆಗೆ ಆಯಸ್ಕಾಂತದ ಮಿಡಿತ ಕೊಡುವ ಈ ದಾರಿ ಹೇಳಿದ್ದರು. ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಒಟ್ಟು ಮೂವತ್ತು ಸಿಟ್ಟಿಂಗ್. ಪ್ರಜ್ಞೆ ತಪ್ಪಿಸುವುದಿಲ್ಲ, ಎಲ್ಲರಿಗೂ ಗುಣವಾಗುತ್ತದೆಂದು ಹೇಳಲೂ ಆಗದು.

ಅವಳು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಪಾಪುನ ನೋಡಿದ್ರೆ ಏನೂ ಅನ್ಸಲ್ಲ. ನಿಮ್ಮನ್ನ ನೋಡಿದ್ರೂ ಅಷ್ಟೇ. ಮೂವತ್ತು ಮುಗಿದ ಮೇಲೆ ನನ್ನೊಬ್ಬಳನ್ನ ಅಮ್ಮನ ಮನೇಲಿ ಬಿಟ್ಬಿಡಿ."

ಆಗಲಿ ಅಂದಿದ್ದ.

ದಿನವೂ ಮಗುವನ್ನು ತನ್ನ ತಾಯಿಯ ಮಡಿಲಿಗೆ ಹಾಕಿ, ಹೆಂಡತಿಯನ್ನು ಬೈಕಿನಲ್ಲಿ ಒಂದು ಗಂಟೆಯ ದಾರಿ ಕರೆತರುತ್ತಿದ್ದ. ಯಂತ್ರದ ಹತ್ತಿರ ಲೋಹ ಕೂಡದು. ಓಲೆ ಬಿಚ್ಚಿ ಅವನ ಅಂಗೈಗೆ ಹಾಕಿ ಒಳಗೆ ಹೋಗುವಳು. ಯಂತ್ರದ ಟಕಟಕ ಸದ್ದು ಮುಗಿದ ಮೇಲೆ ಬಂದು, ಗೋಡೆ ನೋಡುತ್ತ ಕಿವಿ ಒಡ್ಡಿ ನಿಲ್ಲುವಳು. ಎಷ್ಟು ತೊಳೆದರೂ ಗ್ರೀಸು ಬಿಡದ ಬೆರಳುಗಳಿಂದ ಅವನು ತಿರುಪು ಹಾಕುವನು. ಇಡೀ ದಿನದಲ್ಲಿ ಅವಳನ್ನು ಮುಟ್ಟಲು ಇದ್ದ ನೆಪ ಅದೊಂದೇ. ನಿಧಾನವಾಗಿಯೇ ಹಾಕುತ್ತಿದ್ದ.

ಹತ್ತೊಂಬತ್ತನೆಯ ದಿನ ಅವಳು ತಲೆ ಸರಿಸಿಕೊಂಡಳು. "ಕೊಡಿ ಇಲ್ಲಿ. ಬೋಲ್ಟ್ ಬಿಗಿದ ಹಾಗೆ ಬಿಗೀತೀರ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಇಷ್ಟು ದಿನ ನೋವೇ ಗೊತ್ತಾಗ್ತಿರಲಿಲ್ಲ."

ಅವನಿಗೆ ಹಿಗ್ಗೂ ಆಯಿತು, ಕೈಯ ಕೆಲಸ ತಪ್ಪಿಹೋಯಿತಲ್ಲ ಎಂದು ಪಿಚ್ಚೂ ಅನ್ನಿಸಿತು.

ಇಪ್ಪತ್ತನಾಲ್ಕನೆಯ ದಿನ ಮತ್ತೆ ಮಂಕು ಕವಿದು ದಾರಿಯುದ್ದಕ್ಕೂ ಅತ್ತಳು. ಇಪ್ಪತ್ತೇಳನೆಯ ದಿನ, "ಪಾಪು ಆಕಳಿಸೋದು ಥೇಟ್ ನಿಮ್ಮ ಹಾಗೇನೇ, ಬಾಯಲ್ಲ ಅದು, ಬಾವಿ," ಅಂದಳು. ಅಮ್ಮನ ಮನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮೂವತ್ತೂ ಮುಗಿದ ದಿನ ಆಸ್ಪತ್ರೆಯ ಗೇಟು ದಾಟಿ ಬೈಕು ಎಡಕ್ಕೆ, ಅಮ್ಮನ ಮನೆಯ ರಸ್ತೆಗೆ ಹೊರಳಿತು. ಬೆನ್ನಿಗೊಂದು ಗುದ್ದು ಬಿತ್ತು.

"ಎಲ್ಲಿಗೆ ಹೊರಟ್ರಿ?"

ಅವನು ಗಾಡಿ ನಿಲ್ಲಿಸಿದ. "ನೀನೇ ಹೇಳಿದ್ಯಲ್ಲ. ಬಟ್ಟೆ ಎಲ್ಲ ಇಟ್ಟಿದೀನಿ."

ಅವಳು ಇಳಿದು, ಹಿಂದೆ ಕಟ್ಟಿದ್ದ ಬ್ಯಾಗನ್ನು ಬಿಚ್ಚಿ ನೋಡಿದಳು. "ನಿಮ್ಮ ಟೂಲ್ಸು ಅಂದ್ಕೊಂಡಿದ್ದೆ. ನಾನು ಹೋಗ್ಲಿ ಅಂತಾನಾ?"

"ಹೋಗ್ಬೇಡ ಅಂದ್ರೆ ನನಗೋಸ್ಕರ ಉಳಿದುಬಿಡ್ತೀಯ. ಹಾಗೆ ಉಳೀಬಾರದು. ನನಗಂತೂ ನೀನಿಲ್ಲದೆ ಆಗಲ್ಲ, ಅದು ಬೇರೆ ಮಾತು."

"ಅದನ್ನ ಬೇರೆ ಮಾತು ಅಂತ ಎತ್ತಿಟ್ಟಿದ್ರಾ?"

ಅವನು ಹ್ಯಾಂಡಲ್ ಒರೆಸುತ್ತ ನಿಂತ.

"ಪೂರ್ತಿ ಸರಿಹೋಗಿದೀನಿ ಅಂದ್ಕೋಬೇಡಿ," ಅಂದಳು. "ಆದ್ರೆ ನಿಮ್ಮನ್ನ ನೋಡಿದ್ರೆ ಈಗ ಏನೋ ಅನ್ಸುತ್ತೆ."

"ಏನು?"

"ಸಿಟ್ಟು." ಒಂದು ಲಾರಿ ದಾಟಿ ಹೋಗುವವರೆಗೆ ಕಾದಳು. "ಅದೊಂದೇ ಅಲ್ಲ."

ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. "ಗಾಡಿ ತಿರುಗಿಸಿ. ಪಾಪು ಏಳೋ ಹೊತ್ತಾಯ್ತು."