ಮನೆ ಮಾರಿದವರ ಮರ

"ಇಳೀಬೇಡಿ! ಅಲ್ಲೇ ಇರಿ!" ಎಂದು ಕೂಗಿ ರೌಶನ್ ಏಣಿಯನ್ನು ಎಳೆದುಕೊಂಡೇ ಬಿಟ್ಟಳು.

ಮರದ ಮೇಲಿದ್ದವನು ತಬ್ಬಿಬ್ಬಾಗಿ ಕೊಂಬೆ ಹಿಡಿದುಕೊಂಡ. ಅವನ ಕೊರಳಿನ ಚೀಲದ ತುಂಬ ಅವಳ ಸೇಬು.

"ಹಾಡಹಗಲೇ ಕದಿಯೋಕೆ ಬಂದಿದೀರಲ್ಲ, ನಾಚ್ಕೆ ಆಗಲ್ವಾ?"

"ಕದೀತಿಲ್ಲ ರೀ. ಇದು ನನ್ನ ಮರ."

"ಮನೆ ನಂದು, ಅಂಗಳ ನಂದು, ಮರ ಮಾತ್ರ ನಿಮ್ದಾ? ಚೆನ್ನಾಗಿದೆ!"

ಅಲ್ಮಾಟಿ ನಗರದ ಅಂಚಿನಲ್ಲಿ, ಬೆಟ್ಟಕ್ಕೆ ಒರಗಿಕೊಂಡಂತಿದ್ದ ಆ ಹಳೆಯ ಮಣ್ಣಿನ ಮನೆಯನ್ನು ಅವಳು ವಸಂತದಲ್ಲಷ್ಟೇ ಕೊಂಡಿದ್ದಳು. ನಾಟಕಶಾಲೆಯಲ್ಲಿ ರಾಣಿ ಪಾತ್ರಗಳ ಉಡುಪಿಗೆ ಜರಿ ಹೊಲಿದು ಕೂಡಿಟ್ಟ ದುಡ್ಡು ಅದು. ಮುರಿದ ಮದುವೆಯಿಂದ ಹೊರಬಂದವಳಿಗೆ, ತಾನೇ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ಬೇಕಿತ್ತು. ಈಗ ನೋಡಿದರೆ, ಬಾಗಿಲು ದಾಟುವ ಗೋಜೇ ಇಲ್ಲದೆ ಒಬ್ಬ ಮರ ಹತ್ತಿ ಕೂತಿದ್ದ.

ಬೇಲಿಯಾಚೆಯಿಂದ ಬಾಲ್ಜಾನ್ ಅಪಾಳ ತಲೆ ಕಾಣಿಸಿತು. ಆ ಬೀದಿಗೆಲ್ಲ ಹಿರಿಯಳು ಆಕೆ, ಅದಕ್ಕೇ ಎಲ್ಲರ ಬಾಯಲ್ಲೂ ಅಪಾ, ಅಂದರೆ ಹಿರಿಯಮ್ಮ.

"ಏಣಿ ಕೊಡೇ ಹುಡುಗಿ! ಅವನು ಮದಿಯಾರ್. ನಿಂಗೆ ಮನೆ ಮಾರಿದ್ಲಲ್ಲ, ಅವಳ ಅಣ್ಣನ ಮಗ. ಈ ಮನೇಲಿ ಒಂದು ಪದ್ಧತಿ ಇದೆ. ಬಿಟ್ಟು ಹೋಗೋರು ಮನೆ ಮಾರ್ತಾರೆ, ತಾವು ನೆಟ್ಟ ಮರ ಮಾರಲ್ಲ. ಅದರ ಹಣ್ಣು ಅವರದ್ದೇ."

"ಯಾರೂ ನಂಗೆ ಹೇಳ್ಲಿಲ್ವಲ್ಲ ಅಪಾ!"

"ಹೇಳಿದ್ರೆ ಕೊಳ್ತಿದ್ಯಾ?"

ರೌಶನ್ ಏಣಿಯನ್ನು ತಂದಿಟ್ಟಳು. ಇಳಿದು ಬಂದವನ ಕೂದಲಲ್ಲಿ ಎಲೆಗಳು ಸಿಕ್ಕಿಕೊಂಡಿದ್ದವು. ಹೇಳೋಣವೆಂದುಕೊಂಡಳು, ಯಾಕೋ ಹೇಳಲಿಲ್ಲ. ಚೆನ್ನಾಗಿಯೇ ಕಾಣುತ್ತಿದ್ದ.

ಹಾಲು ಹಾಕಿದ ಚಹಾ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೌರ್ಸಾಕ್ ಬಂತು, ಅಪಾಳ ಬಾಯಿಂದ ಮನೆಯ ಕಥೆಯೂ ಬಂತು. ಕಟ್ಟಿದವನು ಹೈನ್ರಿಕ್, ಯುದ್ಧದ ಕಾಲದಲ್ಲಿ ಸರ್ಕಾರ ರೈಲಿಗೆ ತುಂಬಿ ತಂದು ಬಿಟ್ಟ ಜರ್ಮನ್ ಬಡಗಿ. ಅಂಗಳದ ಪಿಯರ್ ಮರ ಅವನು ನೆಟ್ಟದ್ದು. ಅವನು ಜರ್ಮನಿಗೆ ಹೊರಟಾಗ ಮನೆ ಕೊಂಡವರು ಕೊರಿಯನ್ ದಂಪತಿ ಪಾಕ್. ಚೆರ್ರಿ ಅವರದು. ಆಮೇಲೆ ಬಂದವನು ಮದಿಯಾರನ ತಾತ.

"ಪಿಯರ್ ಹಣ್ಣು ಒಣಗಿಸಿ ಈಗ್ಲೂ ಹೈನ್ರಿಕ್ ಮಗಳಿಗೆ ಕಳಿಸ್ತೀನಿ," ಎಂದಳು ಅಪಾ. "ಊರು ಬಿಟ್ರೂ ನಾಲಿಗೆ ಊರು ಬಿಡಲ್ಲ ಕಣೇ."

"ಸೇಬಿನ ಗುಂಡಿ ತೋಡಿದ್ದು ತಾತ, ಮಣ್ಣು ತುಂಬಿದ್ದು ನಾನು," ಎಂದ ಮದಿಯಾರ್. "ತಾತನದು ಅಂತ ಇವತ್ತು ನನ್ನ ಪಾಲಿಗೆ ಉಳಿದಿರೋದು ಈ ಮರ ಒಂದೇ."

ರೌಶನ್ ಗೋಡೆಯ ಕಡೆ ಕೈ ತೋರಿಸಿದಳು. "ಇದರ ಬೇರು ನನ್ನ ಕೋಣೆ ಗೋಡೆ ಸೀಳಿದೆ. ಬರೋ ವಾರ ಕಡಿಸೋಕೆ ಜನಕ್ಕೆ ಹೇಳಿದೀನಿ."

ಅವನು ಬಟ್ಟಲನ್ನು ಕೆಳಗಿಟ್ಟ. "ಗೋಡೆ ನಾನು ಕಟ್ಟಿಕೊಡ್ತೀನಿ. ಮರ ಬಿಟ್ಬಿಡಿ."

ಹಾಗೆ ಭಾನುವಾರಗಳು ಶುರುವಾದವು. ಅವನು ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದ, ಅವಳು ಗೋಡೆ ಕೆರೆಯುತ್ತಿದ್ದಳು. ಅವಳ ಬಿಳಿ ಸುಣ್ಣದಡಿ ತಾತನ ಹಳದಿ, ಅದರಡಿ ಪಾಕ್ ದಂಪತಿಯ ಹಸಿರು, ಎಲ್ಲಕ್ಕಿಂತ ಕೆಳಗೆ ಹೈನ್ರಿಕ್‌ನ ನೀಲಿ. ಇಷ್ಟೊಂದು ಜನ ಇದೇ ಕೋಣೆಯಲ್ಲಿ ಮಲಗಿ ಎದ್ದಿದ್ದಾರೆ ಎಂದುಕೊಂಡಾಗ, ಒಂಟಿತನ ಅವಳಿಗೆ ಮೊದಲ ಸಲ ಸ್ವಲ್ಪ ಹಗುರವೆನಿಸಿತು.

"ಮೂಗಿಗೆ ನೀಲಿ ಹತ್ತಿದೆ," ಎಂದ ಅವನು ಒಂದು ದಿನ.

"ಒರೆಸಿ ಮತ್ತೆ."

"ನನ್ನ ಕೈಯೆಲ್ಲ ಕೆಸರು."

"ಹಾಗಾದ್ರೆ ನೋಡ್ಕೊಂಡಿರಿ."

ಅವನು ನಿಜಕ್ಕೂ ನೋಡುತ್ತಲೇ ಇದ್ದ. ಅವಳ ಕಿವಿ ಬಿಸಿಯಾಯಿತು.

"ಭಾನುವಾರದ ಚಹಾಕ್ಕೆ ಯಾರ ಮನೇಲೋ ಕೆನೆ ಜಾಸ್ತಿ ಬೀಳುತ್ತಂತೆ," ಎಂದು ಬೇಲಿಯಾಚೆಯಿಂದ ಅಪಾ ಗಾಳಿಗೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ರೌಶನ್ ಕೆನೆಯ ಪಾತ್ರೆಯನ್ನು ಮುಚ್ಚಿಟ್ಟಳು.

ಮೊದಲ ಹಿಮಕ್ಕೆ ಮುಂಚೆ ಗೋಡೆ ಮುಗಿಯಿತು. ಮದಿಯಾರ್ ಕೆಲಸಕ್ಕೆಂದು ಕಾಸ್ಪಿಯನ್ ತೀರದ ಅಕ್ತಾವ್‌ಗೆ ಹೊರಟುಹೋದ. ಅಲ್ಲಿಂದ ಫೋನು ಬರುತ್ತಿತ್ತು: ಗೋಡೆ ಹೇಗಿದೆ? ಚೆನ್ನಾಗಿದೆ. ತೇವ ಬಂತಾ? ಇಲ್ಲ. ಅಷ್ಟೇ ಮಾತು. ಫೋನಿಟ್ಟ ಮೇಲೆ ಅವಳು ಆ ಗೋಡೆಗೇ ಒರಗಿ ಸುಮಾರು ಹೊತ್ತು ಕೂತಿರುತ್ತಿದ್ದಳು.

"ಗೋಡೆಯ ಆರೋಗ್ಯ ಇಷ್ಟೊಂದು ವಿಚಾರಿಸೋ ಗಂಡಸನ್ನ ನಾನು ಕಂಡಿಲ್ಲ," ಎಂದಳು ಅಪಾ.

ಮರು ಶರತ್ಕಾಲಕ್ಕೆ ಅವನು ಬಂದ. ರೌಶನ್ ಬೆಳಗಿನಿಂದ ಎರಡು ಸಲ ಉಡುಪು ಬದಲಿಸಿ, ಕೊನೆಗೆ ಮೊದಲಿನದನ್ನೇ ತೊಟ್ಟಿದ್ದಳು. ಅವನು ಕಣ್ಣು ತಪ್ಪಿಸಿ, ಏಣಿ ಹಾಕಿಕೊಂಡು ಮರ ಹತ್ತಿದ. ಮೇಲಿನಿಂದಲೇ ಹೇಳಿದ:

"ಇದೇ ಕೊನೇ ಸಲ. ಮರ ನಿಮಗೇ ಬಿಟ್ಕೊಡ್ತಿದೀನಿ. ಇನ್ನು ಬರಲ್ಲ."

"ಯಾಕೆ? ಮರ ಕಹಿ ಆಯ್ತಾ?"

"ಒಂಟಿ ಹೆಂಗಸಿನ ಅಂಗಳಕ್ಕೆ ಸೇಬಿನ ನೆಪ ಹೇಳ್ಕೊಂಡು ಬರೋದು ಮರ್ಯಾದೆ ಅಲ್ಲ. ಸೇಬು ಅಕ್ತಾವ್‌ನಲ್ಲೂ ಸಿಗುತ್ತೆ."

"ಮತ್ತೆ ಇಲ್ಲಿಗೆ ಬಂದಿದ್ದು ಯಾವುದಕ್ಕೆ?"

ಕೊಂಬೆ ಅಲುಗಿ ಒಂದು ಹಣ್ಣು ದೊಪ್ಪನೆ ಬಿತ್ತು. ಇವನು ಇಳಿದನೆಂದರೆ ಮುಗಿಯಿತು, ಮರಕ್ಕೂ ಇವನಿಗೂ ಸಂಬಂಧವಿರುವುದಿಲ್ಲ, ತನಗೂ ಇವನಿಗೂ ಇರುವುದಿಲ್ಲ ಎಂದು ರೌಶನ್‌ಗೆ ಹೊಳೆಯಿತು. ಅವಳು ಏಣಿಯನ್ನು ಎರಡೂ ಕೈಯಿಂದ ಹಿಡಿದು ಎಳೆದುಬಿಟ್ಟಳು.

"ಏನ್ರೀ ಇದು!"

"ಹೋದ್ವರ್ಷ ಕಳ್ಳ ಅಂತ ತೆಗ್ದೆ. ಈ ವರ್ಷ ಯಾರು ಅಂತ ಗೊತ್ತಿದ್ದೇ ತೆಗ್ದಿದೀನಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ಅಲ್ಲೇ ಇರಿ, ಊಟ ಬುಟ್ಟೀಲಿ ಕಳಿಸ್ತೀನಿ."

ಅವನು ಎಲೆಗಳ ನಡುವಿನಿಂದ ಕೆಳಗೆ ನೋಡಿದ. ಅವಳು ಏಣಿಯನ್ನು ಎದೆಗವಚಿಕೊಂಡು ನಿಂತಿದ್ದಳು.

"ನಿಮ್ಮನ್ನ ನೋಡೋಕೇ ಬಂದೆ," ಎಂದ. "ಗೋಡೆ ಹೇಗಿದೆ ಅಂದಾಗ್ಲೆಲ್ಲ ನೀವು ಹೇಗಿದೀರಿ ಅಂತಾನೇ ಕೇಳ್ತಿದ್ದೆ."

"ಗೊತ್ತು. ನಾನೂ ನಂದೇ ಹೇಳ್ತಿದ್ದೆ." ಅವಳು ಏಣಿ ಬಿಡಲಿಲ್ಲ. "ಈ ಮನೇಲಿ ಇದ್ದೋರೆಲ್ಲ ಒಂದೊಂದು ಮರ ನೆಟ್ರು, ಎಲ್ರೂ ಹೋದ್ರು. ಅದಕ್ಕೇ ನಾನಿನ್ನೂ ನೆಟ್ಟಿಲ್ಲ. ಹೆದರಿಕೆ."

"ಇಬ್ಬರೂ ಸೇರಿ ಒಂದೇ ಮರ ನೆಟ್ರೆ?"

"ಆಗ ಬಿಟ್ಟು ಹೋಗೋರಿಗೆ ಹಣ್ಣಿಲ್ಲ."

"ಹಾಗಾದ್ರೆ ಹೋಗಲ್ಲ," ಎಂದ ಮದಿಯಾರ್. "ಏಣಿ ಕೊಡು, ರೌಶನ್."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಏಣಿ ಒರಗಿಸಿದಳು. ಅವನ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ, ಬೇಲಿಯಾಚೆಯಿಂದ ಮಿಠಾಯಿಗಳು ಪಟಪಟನೆ ಅವರ ತಲೆಯ ಮೇಲೆ ಬಿದ್ದವು. ಮದುವೆ ಮಾತು ಕೂಡಿದ ಮನೆಯಲ್ಲಿ ಎರಚುವ ಮಿಠಾಯಿ ಅವು.

"ಹೋದ್ವರ್ಷದಿಂದ ಜೇಬಲ್ಲೇ ಇಟ್ಕೊಂಡಿದೀನಿ," ಎಂದು ಗದರಿದಳು ಬಾಲ್ಜಾನ್ ಅಪಾ. "ಸ್ವಲ್ಪ ಕರಗಿವೆ. ತಡ ಮಾಡಿದ್ದು ನೀವು, ತಿನ್ನಿ!"