ಕೇಳಿದ್ದು ಅವಳನ್ನ, ಹೇಳಿದ್ದು ಅಮ್ಮ

"ಈ ಸಂಬಂಧ ಬ್ಯಾಡ ಕಣ್ರೀ!"

ಹೆಣ್ಣು ನೋಡಲು ಬಂದಿದ್ದ ಕಾಂತರಾಜು ಕಾಫಿ ಲೋಟ ಕೆಳಗಿಟ್ಟು ಎದ್ದೇಬಿಟ್ಟ.

ಬೆಟ್ಟದಪುರದ ಆ ಪಡಸಾಲೆಯಲ್ಲಿ ಎಲ್ಲರೂ ಅವನತ್ತ ತಿರುಗಿದರು. ಹೆಣ್ಣು ಇಷ್ಟವಾಗದಿದ್ದರೆ "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ನಯವಾಗಿ ಜಾರಿಕೊಳ್ಳುವುದು ರೂಢಿ. ಹುಡುಗಿಯ ಮುಖದ ಮೇಲೇ ಬೇಡ ಎಂದವರನ್ನು ಈ ಮನೆ ಕಂಡಿರಲಿಲ್ಲ. ಎಲೆ ಅಡಿಕೆ ತಟ್ಟೆ ಚಾಚಿದ್ದ ಹುಡುಗಿಯ ಸೋದರಮಾವ ನಂಜುಂಡಸ್ವಾಮಿಯ ಕೈ ಹಾಗೇ ನಿಂತಿತ್ತು.

ಚಾಪೆಯ ಮೇಲೆ ಕೂತಿದ್ದ ಪವಿತ್ರಾಳ ಕಿವಿ ಗುಂಯ್ ಎಂದಿತು.

ಬೇಡವಾ? ನಾನು... ಬೇಡವಾ?!

ಈಗಷ್ಟೇ ಎಷ್ಟು ಮೆತ್ತಗೆ ಮಾತಾಡಿಸಿದ್ದ! 'ನೀವು' ಎಂದಿದ್ದ. ಈ ಮನೆಯಲ್ಲಿ ಅವಳನ್ನು ಯಾರು ನೀವು ಅಂದಿದ್ದರು?

"ನೀವು ಏನು ಓದಿದ್ದೀರಿ?"

"ಬಿ.ಎ. ಮಾಡವ್ಳೆ," ಎಂದಿದ್ದರು ಅಮ್ಮ ಸುನಂದಮ್ಮ.

"ನೀವೂ ಕಾಫಿ ತಗೊಳ್ಳಿ."

"ಅವ್ಳ್‌ಗೆ ಕಾಫಿ ಅಂದ್ರೆ ಪ್ರಾಣ. ಆಮೇಲ್ ಕುಡೀತಾಳೆ ಬುಡಿ."

ಕೊನೆಗೆ ಅವನು ನೇರವಾಗಿ ಅವಳನ್ನೇ ನೋಡಿದ್ದ. "ನಾನು ನಿಮ್ಗೆ ಒಪ್ಪಿಗೇನಾ?"

ಪವಿತ್ರಾಳ ತುಟಿ ಅಲುಗಿತ್ತು. ಅಷ್ಟರಲ್ಲೇ ಅಮ್ಮ, "ಅವ್ಳ್ನೇನ್ ಕೇಳೀರಿ? ಒಪ್ಪವ್ಳೆ!"

ಮಗಳು ಚಿಕ್ಕಂದಿನಲ್ಲಿ ಹೊಸಬರ ಮುಂದೆ ತಡವರಿಸುತ್ತಿದ್ದಳೆಂದು ಸುನಂದಮ್ಮ ಅವಳ ಮಾತನ್ನೂ ತಾವೇ ಆಡಲು ಶುರು ಮಾಡಿದ್ದರು. ಬಳೆ ಅಂಗಡಿಯಲ್ಲೂ ಅವರೇ, ಡಾಕ್ಟರ ಮುಂದೆಯೂ ಅವರೇ. ಪವಿತ್ರಾಗೂ ಅದು ಹಾಯೆನಿಸುತ್ತಿತ್ತು...

ಇವತ್ತಿನವರೆಗೆ!

*

ಮುಂದಿನ ವಾರ ಹುಣಸೂರು ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಅಮ್ಮ ಮಗಳಿಗೆ ಅವನು ಎದುರಾದ. ಹೊಗೆಸೊಪ್ಪು ಬಿಡಿಸಿ ಬಿಡಿಸಿ ಅವನ ಬೆರಳೆಲ್ಲ ಅಂಟು ಹಿಡಿದು ಕಪ್ಪಾಗಿತ್ತು.

ಪವಿತ್ರಾ ಅಮ್ಮನ ಬೆನ್ನ ಹಿಂದೆ ಸರಿದಳು. ಅಮ್ಮ ಬಿಡುವವರೇ?

"ಏನಪ್ಪಾ! ನನ್ ಮಗ್ಳಲ್ಲಿ ಏನ್ ಐಬು ಕಂಡೆ ನೀನು?"

"ಐಬಾ?!" ಅವನು ಬೆಚ್ಚಿಬಿದ್ದ. "ಅಯ್ಯೋ, ಅಂಗೆಲ್ಲ ಏನಿಲ್ಲ ಕಣಮ್ಮಾ! ನಮ್ಮಕ್ಕನ್ನೂ ಅಂಗೇ ಒಪ್ಪಿಸಿದ್ರು. ಅವಳ ಬದ್ಲು ನಮ್ಮಪ್ಪ ಹೂಂ ಅಂದ್ಬುಟ್ರು. ಅವಳ್‌ಗೆ ಇಷ್ಟ ಇರ್ನಿಲ್ಲ ಅಂತ ಮದ್ವೆ ಆದ್ಮೇಲೆ ಗೊತ್ತಾಯ್ತು. ಇವತ್ಗೂ ಅವಳ ಮುಖದಲ್ಲಿ ನಗು ಇಲ್ಲ. ಇವ್ರೂ ತುಟಿ ಬಿಚ್ನಿಲ್ಲ... ಬಲವಂತಕ್ಕೆ ಕೂರ್ಸವ್ರೆ ಅಂದ್ಕಂಡೆ."

ಪವಿತ್ರಾ ದಂಗಾದಳು. ನಾನು ಬೇಡ ಎಂದಲ್ಲ... ನನಗೋಸ್ಕರ ಎದ್ದು ಹೋದನಾ?!

"ಬಲವಂತ್ವಾ? ನಿನ್ ಫೋಟೋ ನೋಡ್ದಾಗ್ಲಿಂದ ನನ್ ಮಗ್ಳು—"

"ಅಮ್ಮಾ! ಸುಮ್ನಿರು. ನಾನ್ ಹೇಳ್ತೀನಿ."

ಅಷ್ಟು ದೊಡ್ಡ ದನಿ ತನ್ನೊಳಗಿತ್ತೆಂದು ಪವಿತ್ರಾಗೇ ಗೊತ್ತಿರಲಿಲ್ಲ!

"ನಂಗೆ ಒಪ್ಪಿಗೆ ಇತ್ತು," ಎಂದಳು, ನೆಲ ನೋಡುತ್ತ. "ಅವತ್ತೇ ಇತ್ತು."

"ಮತ್ತೆ... ಯಾಕ್ರೀ ಹೇಳ್ನಿಲ್ಲ?"

"ಹೇಳ್ತಿದ್ದೆ. ಅಮ್ಮ ಮೊದ್ಲೇ ಹೇಳ್ಬುಟ್ರು. ನೀವೂ ಎದ್ಬುಟ್ರಿ." ಅವಳು ತಲೆ ಎತ್ತಿದಳು. "ಕೇಳಿದ್ಮೇಲೆ ಸ್ವಲ್ಪ ಕಾಯ್ಬೇಕಲ್ವಾ?"

ಕಾಂತರಾಜು ತಬ್ಬಿಬ್ಬಾದ. ಅಕ್ಕನ ನೋವು ನೆನೆದು ದುಡುಕಿದವನು, ತಾನೂ ಇವಳ ಮಾತಿಗೆ ಜಾಗ ಬಿಟ್ಟಿರಲಿಲ್ಲ.

"ತಪ್ಪಾಯ್ತು ಕಣ್ರೀ... ಇನ್ನೊಂದ್ ಸಲ ನಿಮ್ಮನೇಗ್ ಬರ್ಲಾ, ಎಲೆ ಅಡಿಕೆ ತಗೊಂಡು?"

ಸುನಂದಮ್ಮ ಬಾಯಿ ತೆರೆದವರು ಸೆರಗನ್ನು ಬಾಯಿಗೊತ್ತಿಕೊಂಡರು. ಪಕ್ಕದಲ್ಲಿ ಕಂಡಕ್ಟರ್ "ಕೋಟೆ, ಕೋಟೆ!" ಎಂದು ಕೂಗಿದ. ಬಸ್ಸು ತುಂಬಿತು. ಹೊರಟೂ ಹೋಯಿತು.

ಅವನು ಕಾಯುತ್ತಲೇ ಇದ್ದ.

"ಬನ್ನಿ," ಎಂದಳು ಪವಿತ್ರಾ.

ಅವನ ಮುಖ ಅರಳಿತು. "ಅಂಗಾದ್ರೆ ಕಾಫಿ ಹೇಳ್ಲಾ? ನಿಮ್ಗೆ ಪ್ರಾಣ ಅಲ್ವಾ?"

"ನಂಗೆ ಕಾಫಿ ಸೇರಲ್ಲ." ಅವಳು ಮೆಲ್ಲಗೆ ನಕ್ಕಳು. "ಟೀ."

"ಯಾವಾಗಿಂದ್ಲೇ?!" ಸುನಂದಮ್ಮ ಕಿರುಚಿದರು.

"ಮೊದ್ಲಿಂದ್ಲೂ ಅಮ್ಮಾ... ನೀನು ಕೇಳೇ ಇರ್ನಿಲ್ಲ."

ಸುನಂದಮ್ಮ ಬೆಂಚಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಕ್ಕರೆ ಎಷ್ಟ್ರೀ?" ಕಾಂತರಾಜು ಕೇಳಿದ. ಕೇಳಿ, ಅವಳ ಮುಖವನ್ನೇ ನೋಡುತ್ತ ನಿಂತ.